ಮೇಲೆ ಐಸ್, ಕೆಳಗೆ ಬೆಚ್ಚಗೆ: ಫ್ರೀಜರ್ ಫ್ಯಾನನ್ನು ಪರೀಕ್ಷಿಸುವುದು ಹೇಗೆ?

ಫ್ರೀಜರಿನಲ್ಲಿ ಐಸ್ ಕಟ್ಟುತ್ತಿದೆ, ಆದರೆ ಕೆಳಗಿಟ್ಟ ಹಾಲು ಒಡೆಯುತ್ತಿದೆ, ದೋಸೆ ಹಿಟ್ಟು ಸಂಜೆಗೇ ಹುಳಿ. ಇಂಥ ಫ್ರಿಜ್ ನೋಡಿದ ಕೂಡಲೇ ‘ಗ್ಯಾಸ್ ಖಾಲಿ’ ಎನ್ನುವವರೇ ಹೆಚ್ಚು. ಫ್ರಿಜ್ಜಿನ ಗ್ಯಾಸು ಅಡುಗೆ ಸಿಲಿಂಡರಿನದರಂತೆ ಬಳಸಿದಷ್ಟೂ ತೀರುವುದಿಲ್ಲ. ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತಿರುತ್ತದೆ, ಸೋರಿದರೆ ಮಾತ್ರ ಕಡಿಮೆಯಾಗುತ್ತದೆ. ಹಾಗೆ ಸೋರಿದ್ದರೆ ಸಾಮಾನ್ಯವಾಗಿ ಫ್ರೀಜರಿನ ತಂಪೂ ಇಳಿದಿರುತ್ತದೆ. ಮೇಲೆ ಚೆನ್ನಾಗಿ ತಂಪಿದ್ದು ಕೆಳಗೆ ಇಲ್ಲವೆಂದರೆ ಮೊದಲು ಅನುಮಾನಿಸಬೇಕಾದದ್ದು ಗಾಳಿಯ ಓಡಾಟವನ್ನು.

ಎರಡು ಬಾಗಿಲಿನ ಸಾಮಾನ್ಯ ಫ್ರಾಸ್ಟ್‌ಫ್ರೀ, ಅಂದರೆ ತಾನಾಗಿ ಐಸ್ ಕರಗಿಸಿಕೊಳ್ಳುವ, ಫ್ರಿಜ್ಜುಗಳಲ್ಲಿ ತಣ್ಣಗಾಗುವ ಕಾಯಿಲ್ ಇರುವುದು ಒಂದೇ, ಅದೂ ಫ್ರೀಜರಿನ ಹಿಂಬದಿಯ ಪ್ಲಾಸ್ಟಿಕ್ ತಟ್ಟೆಯ ಹಿಂದೆ. ಅಲ್ಲಿನ ತಂಪನ್ನು ಕೆಳಗೆ ತಳ್ಳುವುದು ಪುಟ್ಟ ಫ್ಯಾನು. ಬಟನ್ ಒತ್ತಿ ಐಸ್ ಕರಗಿಸಬೇಕಾದ ಒಂಟಿ ಬಾಗಿಲಿನ ಹಳೇ ಬಗೆಯ ಫ್ರಿಜ್ಜಿನಲ್ಲಿ ಈ ಫ್ಯಾನೇ ಇರುವುದಿಲ್ಲ. ಅಂಥವರಿಗೆ ಈ ಲೇಖನದಿಂದ ಪ್ರಯೋಜನವಿಲ್ಲ.

ಮೊದಲು ಕಿವಿಗೊಡಿ. ಬಹಳಷ್ಟು ಫ್ರಿಜ್ಜುಗಳಲ್ಲಿ ಬಾಗಿಲು ತೆರೆದರೆ ಫ್ಯಾನು ನಿಲ್ಲುತ್ತದೆ. ಹಾಗಾಗಿ ಬಾಗಿಲು ತೆರೆದು ನೋಡಿ ‘ಫ್ಯಾನು ತಿರುಗುತ್ತಿಲ್ಲ’ ಎಂದು ತೀರ್ಮಾನಿಸುವಂತಿಲ್ಲ. ಚೌಕಟ್ಟಿನ ಅಂಚಿನಲ್ಲಿರುವ ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ. ಕಂಪ್ರೆಸರ್ ಓಡುತ್ತಿರುವಾಗ ಹಿಂಬದಿಯ ಸಂದಿಗಳಿಂದ ಕೈಗೆ ಗಾಳಿ ತಾಗಬೇಕು. ತಾಗದಿದ್ದರೆ ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ತಾನಾಗಿ ಐಸ್ ಕರಗಿಸಿಕೊಳ್ಳುವ ಹೊತ್ತಿನಲ್ಲಿ ಫ್ಯಾನು ನಿಂತೇ ಇರುತ್ತದೆ. ಹೊಸ ಮಾದರಿ ಕೆಲವಕ್ಕೆ ಒತ್ತುವ ಸ್ವಿಚ್ ಇಲ್ಲ, ಅಯಸ್ಕಾಂತದ ಸೆನ್ಸರ್ ಇರುತ್ತದೆ. ಅಲ್ಲಿ ಬಾಗಿಲು ಮುಚ್ಚಿ ಕಿವಿಯಾನಿಸಿ ಕೇಳುವುದೇ ದಾರಿ.

ಸದ್ದೂ ಸುಳಿವು ಕೊಡುತ್ತದೆ. ‘ಟರ್ರ್’ ಎಂದು ಉಜ್ಜುವ ಶಬ್ದ ಬಾಗಿಲು ತೆರೆದ ಕೂಡಲೇ ನಿಂತರೆ ರೆಕ್ಕೆಗೆ ಐಸ್ ತಾಗುತ್ತಿದೆ ಎಂದೇ ಲೆಕ್ಕ. ಕೀರಲು ದನಿಯಾದರೆ ಮೋಟಾರು ಸವೆದಿರಬಹುದು. ಬಾಗಿಲು ತೆರೆದರೂ ಮುಂದುವರಿಯುವ ಗುಂಯ್‌ಗುಡುವಿಕೆ ಹೆಚ್ಚಾಗಿ ಕಂಪ್ರೆಸರಿನದು.

ಈಗ ಪ್ಲಗ್ ಕಿತ್ತು ಐಸ್ ಕರಗಿಸಿ. ಹೊಸ ಫ್ಯಾನು ಕೊಳ್ಳುವ ಮುನ್ನ ಇದನ್ನು ಮಾಡಲೇಬೇಕು. ಸಾಮಾನೆಲ್ಲ ಪಕ್ಕದ ಮನೆಯ ಫ್ರಿಜ್ಜಿಗೋ ಐಸ್ ಡಬ್ಬಕ್ಕೋ ಸಾಗಿಸಿ, ಎರಡೂ ಬಾಗಿಲು ತೆರೆದು, ಕೆಳಗೆ ಹಳೇ ಬಟ್ಟೆ ಹಾಸಿ 24 ಗಂಟೆ ಬಿಡಿ. ಎರಡು ತಾಸಿನಲ್ಲಿ ಮುಗಿಸುವ ಆತುರ ಬೇಡ; ಕಣ್ಣಿಗೆ ಕಾಣುವ ಐಸ್ ಹೋದರೂ ತಟ್ಟೆಯ ಹಿಂದಿನದು ಉಳಿದಿರುತ್ತದೆ. ಬೇಗವಾಗಲೆಂದು ಬಿಸಿನೀರಿನ ಪಾತ್ರೆಯೊಂದನ್ನು ಒಳಗಿಡಬಹುದು, ನೀರು ಸುರಿಯಬಾರದು. ಚಾಕು, ಸ್ಕ್ರೂಡ್ರೈವರ್ ಹಾಕಿ ಕೆದಕುವುದಂತೂ ಸಲ್ಲದು. ಕೊಳವೆ ತೂತಾದರೆ ಖರ್ಚು ಫ್ಯಾನಿನದಕ್ಕಿಂತ ಎಷ್ಟೋ ದೊಡ್ಡದು. ಮೇಲಾಗಿ ಹೊಸ ಫ್ರಿಜ್ಜುಗಳಲ್ಲಿ ಹೆಚ್ಚಾಗಿ ತುಂಬಿರುವ ಆರ್600ಎ, ಅಂದರೆ ಐಸೊಬ್ಯೂಟೇನ್, ಹೊತ್ತಿಕೊಳ್ಳುವ ಅನಿಲ.

ಒಣಗಿಸಿ ಮತ್ತೆ ಪ್ಲಗ್ ಹಾಕಿದಾಗ ಫ್ಯಾನು ಓಡಿದರೆ ಮೋಟಾರಿಗೆ ಏನೂ ಆಗಿಲ್ಲ. ಆದರೆ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ, ದಿನಾಂಕ ಬರೆದಿಡಿ. ವಾರ, ಹದಿನೈದು ದಿನದಲ್ಲಿ ಅದೇ ಸದ್ದು ಮರಳಿದರೆ ದೋಷ ಐಸ್ ಕರಗಿಸುವ ವ್ಯವಸ್ಥೆಯದು: ಸುಟ್ಟ ಹೀಟರ್, ಕೆಟ್ಟ ಬೈಮೆಟಲ್ (ತಂಪು ನೋಡಿ ಹೀಟರಿನ ಕರೆಂಟ್ ಜೋಡಿಸಿ, ಕಡಿಯುವ ಸ್ವಿಚ್) ಅಥವಾ ಸೆನ್ಸರ್, ನಿಂತುಹೋದ ಟೈಮರ್, ಇಲ್ಲವೇ ಕಟ್ಟಿಕೊಂಡ ನೀರಿನ ಕೊಳವೆ. ಫ್ಯಾನು ಬದಲಿಸಿದರೂ ಇದು ಸರಿಹೋಗದು. ಬಾಗಿಲಿನ ರಬ್ಬರನ್ನೂ ನೋಡಿ. ಕಾಗದದ ಚೂರೊಂದನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿಂದ ತೇವದ ಗಾಳಿ ನುಗ್ಗುತ್ತಿದೆ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಇಷ್ಟೇ ಸಾಕು ಐಸ್ ತುಂಬಲು.

ಕರಗಿಸಿದ ಮೇಲೂ ಫ್ಯಾನು ತಿರುಗದಿದ್ದರೆ? ವಾರಂಟಿ ಇದ್ದವರು ಕೈ ಹಾಕಬೇಡಿ. ಉಳಿದವರು ಪ್ಲಗ್ ಕಿತ್ತು, ತಟ್ಟೆಯ ಸ್ಕ್ರೂ ಬಿಚ್ಚಿ. ಪ್ಲಾಸ್ಟಿಕ್ ತಣ್ಣಗಿರುವಾಗ ಎಳೆದರೆ ಕೊಂಡಿಗಳು ಮುರಿಯುತ್ತವೆ. ಕಾಯಿಲಿನ ಅಲ್ಯೂಮಿನಿಯಂ ಹಾಳೆಗಳು ಬ್ಲೇಡಿನಷ್ಟು ಹರಿತ, ಕೈಗವಸು ಇರಲಿ. ರೆಕ್ಕೆಯನ್ನು ಬೆರಳಲ್ಲಿ ತಿರುಗಿಸಿ: ಬಿಗಿಯಾಗಿದ್ದರೆ ಮೋಟಾರು ಬದಲಿಸುವುದೇ ಸರಿ, ಎಣ್ಣೆ ಬಿಡುವುದು ನಾಲ್ಕು ದಿನದ ಉಪಾಯ. ಸಲೀಸಾಗಿ ತಿರುಗಿದರೆ ವೈರಿನ ಕನೆಕ್ಟರ್ ಸಡಿಲವಾಗಿದೆಯೇ, ಇಲಿ ಕಡಿದಿದೆಯೇ ನೋಡಿ. ಆಮೇಲೆ ಮೋಟಾರಿನ ಚೀಟಿ ಓದಿ. 230 ವೋಲ್ಟ್ ಎಸಿ ಎಂದಿದ್ದರೆ ಕನೆಕ್ಟರ್ ಕಳಚಿ ಮಲ್ಟಿಮೀಟರಿನ ಓಮ್ ಅಳತೆಯಲ್ಲಿ ಎರಡು ತುದಿ ಮುಟ್ಟಿಸಿ. ಮುಳ್ಳು ಅಲುಗದಿದ್ದರೆ ಅಥವಾ ‘ಓಎಲ್’ ಎಂದು ತೋರಿಸಿದರೆ ಸುರುಳಿ ಸುಟ್ಟಿದೆ. 12 ವೋಲ್ಟ್ ಡಿಸಿ ಎಂದಿದ್ದರೆ ಈ ಪರೀಕ್ಷೆ ನಂಬುವಂತಿಲ್ಲ. ಬೋರ್ಡಿನಿಂದ ವೋಲ್ಟೇಜ್ ಬರುತ್ತಿದೆಯೇ ಎಂದು ಕರೆಂಟ್ ಇರುವಾಗಲೇ ನೋಡಬೇಕು, ಅದನ್ನು ಮೆಕ್ಯಾನಿಕ್‌ಗೆ ಬಿಡಿ.

ಹೊಸ ಮೋಟಾರು ತರುವಾಗ ಫ್ರಿಜ್ಜಿನ ಮಾದರಿ ಸಂಖ್ಯೆಯ ಜೊತೆ ಹಳೆಯ ಮೋಟಾರನ್ನೂ ಅಂಗಡಿಗೆ ಒಯ್ಯಿರಿ. ತಿರುಗುವ ದಿಕ್ಕು ಬೇರೆಯಾದರೆ ಗಾಳಿ ಉಲ್ಟಾ ಹೊಡೆಯುತ್ತದೆ. ಮೆಕ್ಯಾನಿಕ್ ಕರೆಸುವುದಾದರೆ ಕರಗಿಸಿದ ಮೇಲೆ ಎಷ್ಟು ದಿನ ಓಡಿತು ಎಂಬುದನ್ನು ತಪ್ಪದೆ ಹೇಳಿ, ಗ್ಯಾಸಿನ ಮಾತು ಬಂದರೆ ಸೋರಿಕೆ ಎಲ್ಲಿದೆ ತೋರಿಸಿ ಎನ್ನಿ. ರಿಪೇರಿಯಾದ ದಿನವೇ ಸಾಮಾನು ತುಂಬಬೇಡಿ. ಫ್ರೀಜರ್ ಮೈನಸ್ 18, ಕೆಳಗೆ 4 ಡಿಗ್ರಿಗೆ ಇಳಿಯುವವರೆಗೆ ಹಾಲು, ಮೀನು ಪಕ್ಕದ ಮನೆಯಲ್ಲೇ ಇರಲಿ.