ಕಕ್ಕಸಿನ ಬೆನ್ನು ಹತ್ತಿ ಎರಡು ವರ್ಷ

‘ಕಕ್ಕಸು ಡಚ್ಚರ ಪದ’ ಅಂದಾಗ ಪದಗಳ ಹುಚ್ಚಿರುವ ನಮ್ಮ ಗೆಳೆಯರೇ ನಕ್ಕಿದ್ದರು. ‘ಮಗು ಕಕ್ಕ ಮಾಡ್ತು ಅಂತೀವಲ್ಲ, ಅದೂ ಡಚ್ಚಾ?’ ಅಂದರು ಒಬ್ಬರು. ಇನ್ನೊಬ್ಬರು ಕಕ್ಕಕ್ಕೆ ಹೂಸು ಸೇರಿಸಿ ಸಂಧಿಯನ್ನೇ ಬಿಡಿಸಿ ತೋರಿಸಿದರು! ಈಗ ಇಬ್ಬರೂ ಒಪ್ಪಿದ್ದಾರೆ.

ಮೊದಲ ತಿಂಗಳು ದಂಡ. ಹಳಗನ್ನಡದಲ್ಲಿ ‘ಕಕ್ಕಸ’ ಸಿಕ್ಕಿತು ಅಂತ ಕುಣಿದೆ. ಅದು ಕರ್ಕಶದ ತದ್ಭವ. ಆಮೇಲೆ ಅಂಚೆ ಖರ್ಚೂ ಸೇರಿ ನಾಲ್ಕು ಸಾವಿರದ ಹತ್ತಿರ ಸುರಿದು ಹಳೇ ಡಚ್ ನಿಘಂಟು ತರಿಸಿದೆ. ಮರ್ಯಾದಸ್ಥರ ನಿಘಂಟು, ಹೇಲಿನ ಮಾತೇ ಇಲ್ಲ. 1864ರಲ್ಲಿ ಶುರುವಾಗಿ 1998ರಲ್ಲಿ ಮುಗಿದ ಡಚ್ಚರ ಮಹಾನಿಘಂಟು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಇದೆ ಅಂತ ತಿಳಿದಾಗ ಹೊಟ್ಟೆ ಉರಿಯಿತು.

ಡಚ್ಚಿನಲ್ಲಿ ‘ಕಕ್’ ಅಂದರೆ ಹೇಲು, ‘ಹುಯ್ಸ್’ ಅಂದರೆ ಮನೆ. ಆದರೆ ಈಗಿನವರು ಮನೆಗೆ ‘ಹಾಯ್ಸ್’ ಅನ್ನೋ ಹಾಗೆ ಹೇಳುತ್ತಾರೆ. ಗಂಟೆಗೆ ಆರುನೂರು ಕೊಟ್ಟು ಏಳೆಂಟು ಪಾಠ ಕಲಿತರೂ ಇದರಿಂದ ತಮಿಳರ ‘ಕಕ್ಕೂಸು’ವಿನ ‘ಕೂಸು’ ಹೊರಡಲಿಲ್ಲ. ಬೀಗ ತೆಗೆದದ್ದು ನೆದರ್‌ಲ್ಯಾಂಡ್ಸಿನ ಝೀಲಂಡ್ ಸೀಮೆಯ ಆಡುಮಾತು. ಅಲ್ಲಿ ಹಳೇ ‘ಊ’ಕಾರ ಹಾಗೇ ಉಳಿದಿದೆ, ‘ಹ’ಕಾರ ಬಿದ್ದುಹೋಗಿದೆ. ತುಟಿ ಮುಂದೆ ಚಾಚಿ ‘ಊಸ್’ ಅನ್ನುತ್ತಾರೆ. ಕಕ್ ಜೊತೆ ಊಸ್ ಸೇರಿಸಿ ನೀವೇ ಹೇಳಿ ನೋಡಿ. ಡಚ್ ಈಸ್ಟ್ ಇಂಡಿಯಾ ಕಂಪನಿಯ ಒಂದು ಶಾಖೆ ಇದ್ದದ್ದೂ ಅದೇ ಸೀಮೆಯ ಮಿಡಲ್‌ಬರ್ಗ್‌ನಲ್ಲಿ.

ಆದರೂ ಗೆಳೆಯರ ಬಾಯಿ ಮುಚ್ಚಿಸಿದ್ದು ನಕ್ಷೆ. ತಮಿಳಿನಲ್ಲಿ ಕಕ್ಕೂಸು, ಮಲಯಾಳಂನಲ್ಲಿ ಕಕ್ಕೂಸ್, ಸಿಂಹಳದಲ್ಲಿ ಕಕ್ಕುಸ್ಸಿ. ಡಚ್ಚರು 1656ರಲ್ಲಿ ಕೊಲಂಬೊ, 1658ರಲ್ಲಿ ನಾಗಪಟ್ಟಣ, 1663ರಲ್ಲಿ ಕೊಚ್ಚಿ ಹಿಡಿದರು. ಸರಿ, ಇವೆಲ್ಲ ಅಕ್ಕಪಕ್ಕದ ಭಾಷೆಗಳು ಅಂತೀರಾ? ಇಂಡೊನೇಷ್ಯಾದಲ್ಲೂ ಕಕ್ಕಸಿಗೆ ‘ಕಾಕುಸ್’! ಅಲ್ಲಿ ಡಚ್ಚರು 1619ರಿಂದಲೇ ಬಟಾವಿಯಾದಲ್ಲಿ (ಈಗಿನ ಜಕಾರ್ತ) ಕೂತಿದ್ದರು. ನಮಗೆ ಬಂದದ್ದು ತಮಿಳಿನ ದಾರಿಯಲ್ಲಿ ಅನ್ನೋದು ನನ್ನ ಲೆಕ್ಕ.

ಹಳೇ ಡಚ್ ಕಾಗದಪತ್ರಗಳಲ್ಲಿ ಈ ಪದ ಹುಡುಕುವವರು ‘kakhuis’ನ ‘ಐ’ ಬದಲು ‘ವೈ’ ಅಕ್ಷರ ಹಾಕಿ, ಆಗ ಹಾಗೇ ಬರೆಯುತ್ತಿದ್ದರು. ಇನ್ನೊಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದೇ ಹುಮ್ಮಸ್ಸಿನಲ್ಲಿ ಹಡಗಿನವರ ತೂಗುಮಂಚ ‘ಹಂಗ್‌ಮತ್’ಗೂ ಕೈ ಹಾಕಿದೆ. ಹಂಗ್ ಅಂದರೆ ತೂಗು, ಮತ್ ಅಂದರೆ ಚಾಪೆ, ಎಷ್ಟು ಸಲೀಸು ಅಲ್ವಾ? ಅದು ಸಮಾಸವೇ ಅಲ್ಲ. ಕೆರಿಬಿಯನ್ ದ್ವೀಪದವರ ‘ಹಮಾಕ’ ಸ್ಪ್ಯಾನಿಷ್ ದಾಟಿ ಬಂದಾಗ ಡಚ್ಚರು ತಮಗೆ ಅರ್ಥವಾಗೋ ಹಾಗೆ ತಿದ್ದಿಕೊಂಡದ್ದು. ಅಂದರೆ ಕಕ್ಕ-ಹೂಸು ಅಂದ ನಮ್ಮ ಗೆಳೆಯರ ಕೆಲಸವನ್ನೇ ಅವರೂ ಮಾಡಿದ್ದಾರೆ.