ಸಂಚಕಾರ ಕೊಡುವ ಮುಂಚೆ ಸಹಿ ಎಣಿಸಿ

ಕೊಪ್ಪಳ, ಗಂಗಾವತಿ, ರಾಯಚೂರು ಕಡೆ ಪ್ಲಾಟು ಕೊಳ್ಳುವವರು ಭಾನುವಾರ ಕಾರಿನಲ್ಲಿ ಹೋಗಿ ಜಾಗ ನೋಡುತ್ತಾರೆ, ಅಲ್ಲೇ ಸಂಚಕಾರ ಎಣಿಸುತ್ತಾರೆ, ಸೋಮವಾರ ವಕೀಲರನ್ನು ಹುಡುಕುತ್ತಾರೆ. ಈ ಕ್ರಮ ತಿರುವುಮುರುವು ಆಗಬೇಕು. ವಕೀಲರೂ ನಿಮ್ಮವರೇ ಆಗಿರಲಿ. ಏಜೆಂಟ್ ವಾಟ್ಸ್ಆ್ಯಪಿನಲ್ಲಿ ಕಳಿಸುವ ‘ಲೀಗಲ್ ಒಪಿನಿಯನ್’ ಅವನಿಗೆ ಬೇಕಾದಂತೆ ಬರೆಸಿದ್ದು.

ಮೊದಲು ಜಾಗ. ಮಳೆ ಬಿದ್ದ ಮೂರನೇ ದಿನ ಹೋಗಿ ನೋಡಿ. ಎರೆ ನೆಲ ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಗಟ್ಟಿ ಗರಸು ಸಿಗುವವರೆಗೆ ಪಾಯ ಇಳಿಸುವ ಖರ್ಚನ್ನೂ ಪ್ಲಾಟಿನ ದರಕ್ಕೆ ಸೇರಿಸಿಕೊಳ್ಳಿ.

ಆಮೇಲೆ ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆದೇಶ, ಅನುಮೋದಿತ ನಕ್ಷೆ, ಖಾತೆ. ಪಂಚಾಯ್ತಿ ವ್ಯಾಪ್ತಿಯಾದರೆ ಪಂಚಾಯ್ತಿಯ ಆನ್‌ಲೈನ್ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಕೇಳಿ, ಪಟ್ಟಣದೊಳಗಾದರೆ ಇ-ಖಾತೆ ಕೇಳಿ. ಅನುಮೋದನೆಯಿಲ್ಲದ ಜಾಗಕ್ಕೆ ಕೊಡುವ ನಮೂನೆ 11-ಬಿ ತೋರಿಸಿ ‘ಎರಡೂ ಒಂದೇ ರೀ’ ಅಂದರೆ ಎದ್ದು ಬನ್ನಿ. ಬ್ಯಾಂಕಿಗೆ ಸಾಲ ಕೇಳಲು ಹೋದ ದಿನ ಎರಡರ ವ್ಯತ್ಯಾಸ ತಿಳಿಯುತ್ತದೆ. ತೆರಿಗೆ ಕಟ್ಟಿದ ರಸೀದಿಯಿಂದ ಮಾಲೀಕತ್ವ ಸಾಬೀತಾಗುವುದಿಲ್ಲ. 500 ಚದರ ಮೀಟರ್ ಮತ್ತು ಎಂಟು ಪ್ಲಾಟು ಮೀರಿದ ಹೊಸ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕು. ಒಂದು ಎಕರೆಯೇ 4,000 ಚದರ ಮೀಟರ್ ದಾಟುವುದರಿಂದ ‘ನಮ್ಮದು ಸಣ್ಣ ಲೇಔಟು’ ಅನ್ನುವ ಮಾತು ಹೆಚ್ಚಾಗಿ ನಡೆಯದು.

ಜನ ಎಡವುವುದು ಇದರ ಮುಂದಿನ ಹಂತದಲ್ಲಿ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸುತ್ತಾರೆ, ಆದರೆ ಪ್ಲಾಟ್ ನಂಬರಿಗೆ ಮಾತ್ರ. ಪ್ಲಾಟು ಹುಟ್ಟಿದ್ದೇ ಮೊನ್ನೆ, ಹಾಗಾಗಿ ಇ.ಸಿ. ಖಾಲಿ ಬರುತ್ತದೆ, ಎಲ್ಲರಿಗೂ ಸಮಾಧಾನ. ಹೊಲವಾಗಿದ್ದಾಗಿನ ಸರ್ವೆ ನಂಬರಿಗೂ ಮೂವತ್ತು ವರ್ಷದ ಇ.ಸಿ. ಬೇಕು. 2004ಕ್ಕಿಂತ ಹಿಂದಿನದು ಆನ್‌ಲೈನಿನಲ್ಲಿ ಸಿಗದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿಗೇ ಅರ್ಜಿ ಕೊಡಿ. ಹಳೆಯ ಪಹಣಿಗಳನ್ನು ತರಿಸಿ 11ನೇ ಕಾಲಂ ಓದಿ: ಬ್ಯಾಂಕಿನ ಬೋಜಾ, ತಡೆಯಾಜ್ಞೆ ಅಲ್ಲಿರುತ್ತವೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರೆ 1978ರ ಪಿ.ಟಿ.ಸಿ.ಎಲ್. ಕಾಯ್ದೆಯಂತೆ ಸರ್ಕಾರದ ಅನುಮತಿಯಿಲ್ಲದ ಮಾರಾಟ ನಿಲ್ಲುವುದಿಲ್ಲ. ಕೈ ಎಷ್ಟು ಬದಲಾಗಿದ್ದರೂ ಅಷ್ಟೇ. ಆದ್ದರಿಂದ ಜಮೀನು ಮೊದಲ ಮಾಲೀಕನಿಗೆ ಹೇಗೆ ಬಂತು ಎಂಬಲ್ಲಿಂದಲೇ ಶುರುಮಾಡಿ. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಬಹಳ ಹಳೆಯ ಕಾಗದ ಉರ್ದುವಿನಲ್ಲಿದ್ದರೆ ಓದಬಲ್ಲವರಿಗೆ ಹಣ ಕೊಟ್ಟು ಓದಿಸಿ.

ಇನ್ನು ವಂಶವೃಕ್ಷ. ಅರ್ಜಿದಾರರು ಹೇಳಿದ್ದರ ಮೇಲೆಯೇ ಅದು ಹೆಚ್ಚಾಗಿ ತಯಾರಾಗುವುದರಿಂದ ‘ಕೊಟ್ಟ ಮನೆಗೆ ಹೋದವರು’ ಎಂದು ಹೆಣ್ಣುಮಕ್ಕಳನ್ನು ಬಿಟ್ಟಿರುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಆಗ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ನೋಂದಾಯಿತ ಪಾಲುಪತ್ರ ಆಗಿದ್ದರೆ ಮಾತು ಬೇರೆ. ‘ಬಾಯಿಮಾತಿನಲ್ಲಿ ಪಾಲಾಗೇತ್ರಿ’ ಅಂದರೆ ಸಾಲದು. ಹೊಲ ಇರುವ ಊರಿಗೆ ಹೋಗಿ, ಚಹಾದಂಗಡಿಯಲ್ಲಿ ಕೂತು ‘ಅವರಿಗೆ ಅಕ್ಕತಂಗಿಯರು ಎಷ್ಟು ಮಂದಿ?’ ಎಂದು ಕೇಳಿ. ಆ ಉತ್ತರಕ್ಕೂ ವಂಶವೃಕ್ಷಕ್ಕೂ ತಾಳೆಯಾಗದಿದ್ದರೆ, ಬಿಟ್ಟುಹೋದ ಪ್ರತಿಯೊಬ್ಬರ ಸಹಿಯೂ ಖರೀದಿ ಪತ್ರದಲ್ಲಿ ಬರುವವರೆಗೆ ಕಿಸೆಗೆ ಕೈ ಹಾಕಬೇಡಿ.

ಅಡ್ಡದಾರಿಗಳಲ್ಲಿ ಕೆಟ್ಟದ್ದು ನೂರು ರೂಪಾಯಿ ಬಾಂಡು ಮತ್ತು ಜಿ.ಪಿ.ಎ. (ಅಧಿಕಾರ ಪತ್ರ). ಇಂಥ ಕಾಗದದಿಂದ ಮಾಲೀಕತ್ವ ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಸಂಚಕಾರವನ್ನು ಚೆಕ್ಕಿನಲ್ಲೇ ಕೊಡಿ, ಕರಾರು ನೋಂದಾಯಿಸಿ.

ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 2 ಆಗಿದೆ. ಶೇ 5ರ ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಕೂಡಿದರೆ ಏಳೂವರೆ ದಾಟುತ್ತದೆ. ಅದನ್ನು ಉಳಿಸಲು ದರ ಕಡಿಮೆ ತೋರಿಸಿ ಉಳಿದದ್ದನ್ನು ನಗದಾಗಿ ಕೊಟ್ಟರೆ, ನಾಳೆ ನೀವು ಮಾರುವಾಗ ಲಾಭ ಹೆಚ್ಚಾಗಿ ಕಂಡು ತೆರಿಗೆ ನಿಮ್ಮ ತಲೆಗೇ ಬರುತ್ತದೆ.

ಪ್ಲಾಟೋ, ಮನೆಯೋ? ಬಾಡಿಗೆ ಬೇಕಿದ್ದರೆ ಊರೊಳಗಿನ ಹಳೆಯ ಮನೆಯೇ ಸರಿ. ‘ಐದು ವರ್ಷಕ್ಕೆ ಡಬಲ್’ ಅನ್ನುವವನಿಗೆ, ಅದೇ ಲೇಔಟಿನಲ್ಲಿ ಕೊಂಡವರು ಯಾರಾದರೂ ಮರಳಿ ಮಾರಿದ ಪತ್ರವಿದ್ದರೆ ತೋರಿಸು ಎನ್ನಿ.

ನೋಂದಣಿಯಾದ ವಾರದೊಳಗೆ ಖಾತೆ ಬದಲಾವಣೆ ಆಯಿತೇ ವಿಚಾರಿಸಿ, ಚಕ್ಕುಬಂದಿ ಅಳೆಸಿ ನಾಲ್ಕೂ ಮೂಲೆಗೆ ಕಲ್ಲು ನೆಡಿಸಿ.