ಜೇಬಿಗೊಂದು ಮಡಚುವ ಚಾಕು: ಕೊಳ್ಳುವಾಗ ಏನು ನೋಡಬೇಕು?

ಹಣ್ಣು ಹೆಚ್ಚಲು, ಹುರಿ ಕತ್ತರಿಸಲು, ಪಾರ್ಸೆಲ್ ಬಿಚ್ಚಲು 6–7 ಸೆಂ.ಮೀ. ಅಲಗು ಧಾರಾಳವಾಯಿತು. ಅದಕ್ಕಿಂತ ಉದ್ದದ್ದು ಜೇಬಿಗೆ ಭಾರ.

ಅಂಗಡಿಯಲ್ಲೇ ಚಾಕು ಬಿಚ್ಚಿ, ಅಲಗಿನ ಬೆನ್ನನ್ನು ಎರಡು ಬೆರಳಲ್ಲಿ ಹಿಡಿದು ಎಡಬಲಕ್ಕೆ ಅಲುಗಿಸಿ. ಕಟಕಟ ಅಂದರೆ ಬೇಡ. ಮಡಚಿದಾಗ ಅಲಗು ಹಿಡಿಯ ನಟ್ಟನಡುವೆ ಕೂರಬೇಕು. ಒಂದು ಬದಿಗೆ ಉಜ್ಜುತ್ತಿದ್ದರೆ ಬಾಯಿ ಬೇಗ ಮೊಂಡಾಗುತ್ತದೆ. ಲಾಕ್ ಇರಲೇಬೇಕು. ಇಲ್ಲದಿದ್ದರೆ ತುದಿ ಒತ್ತಿ ಚುಚ್ಚುವಾಗ ಅಲಗು ಬೆರಳ ಮೇಲೇ ಮಡಚಿಕೊಳ್ಳುತ್ತದೆ.

ಕಡಿಮೆ ಬೆಲೆಗೆ ನಮ್ಮ ಮೆಚ್ಚಿನದು ಫ್ರಾನ್ಸಿನ ಒಪಿನೆಲ್ 6ನೇ ನಂಬರ್. ಅಲಗು ಸುಮಾರು 7 ಸೆಂ.ಮೀ.; ಬುಡದ ಉಕ್ಕಿನ ಉಂಗುರ ತಿರುಗಿಸಿದರೆ ಲಾಕ್ ಆಗುತ್ತದೆ. ಕಾರ್ಬನ್ ಉಕ್ಕಿನದು ಸಾಣೆಗೆ ಬೇಗ ಹರಿತವಾಗುತ್ತದೆ, ಆದರೆ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟರೆ ಕಪ್ಪು ಕಲೆ, ಆಮೇಲೆ ತುಕ್ಕು. ಕರಾವಳಿ, ಮಲೆನಾಡಿನವರು ಸ್ಟೇನ್‌ಲೆಸ್ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಮರದ ಹಿಡಿ ಉಬ್ಬಿ ಅಲಗು ಬಿಗಿಯಾಗುವುದುಂಟು. ಬಲವಂತವಾಗಿ ಎಳೆಯಬೇಡಿ, ನೆರಳಲ್ಲಿ ಒಂದೆರಡು ದಿನ ಒಣಗಿಸಿ.

ವಿಮಾನಕ್ಕೆ ಹೊರಟರೆ ಜೇಬು ತಡವಿ ನೋಡಿಕೊಳ್ಳಿ. ಚಾಕು ಚೆಕ್-ಇನ್ ಬ್ಯಾಗಿನಲ್ಲೇ ಇರಬೇಕು.